ಕುಂಕುಮದ ಕೆಂಪು

ಲಗ್ನಪತ್ರಿಕೆಯ ಕೆಂಪು ಕುಂಕುಮದ ಹಾಗಿರಬೇಕು, ಇಟ್ಟಿಗೆಯ ಹಾಗಲ್ಲ. ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಡಿಸೈನ್ ಮಾಡುವ ಗೆಳೆಯನೊಬ್ಬ ಈ ಒಂದು ಹಟಕ್ಕೇ ತನ್ನ ಮಾನಿಟರನ್ನು ಪಳಗಿಸಿಟ್ಟಿದ್ದಾನೆ.

ಬಣ್ಣ ಕೆಟ್ಟರೆ ಎಲ್ಲರೂ ಪ್ರೆಸ್ಸನ್ನು ಬೈಯುತ್ತಾರೆ. ಪಾಪ, ತಪ್ಪು ಅದರದಲ್ಲ. ಪರದೆಗೆ ಸ್ವಂತ ಬೆಳಕಿದೆ. ಕೆಂಪು, ಹಸಿರು, ನೀಲಿ ಕೂಡಿಸಿ ಬಣ್ಣ ಕಟ್ಟುತ್ತದೆ. ಕಾಗದದ್ದು ಕಡ ತಂದ ಬೆಳಕು. ಸಯಾನ್, ಮೆಜೆಂಟಾ, ಹಳದಿ, ಕಪ್ಪು ಶಾಯಿಗಳು ಅದರಲ್ಲೂ ಒಂದಿಷ್ಟು ನುಂಗಿ ಉಳಿದದ್ದನ್ನು ಕಣ್ಣಿಗೆ ಕೊಡುತ್ತವೆ.

ಅವನ ಕೆಲಸ ನೋಡುವುದೇ ಚೆಂದ. ಮಾನಿಟರ್ ಹಚ್ಚಿ ಅರ್ಧ ಗಂಟೆ ಸುಮ್ಮನೆ ಬಿಡುತ್ತಾನೆ. ಕಿಟಕಿ ಮುಚ್ಚುತ್ತಾನೆ, ದಾವಣಗೆರೆಯ ಮಧ್ಯಾಹ್ನದ ಬಿಸಿಲು ಯಾರ ಮಾತೂ ಕೇಳುವುದಿಲ್ಲ. ಅಂಗೈಯಲ್ಲಿ ಹಿಡಿಸುವ ಅಳತೆಯಂತ್ರವನ್ನು ಪರದೆಗೆ ಒರಗಿಸಿದರೆ ಬಣ್ಣದ ಚೌಕಗಳು ಒಂದೊಂದಾಗಿ ಬಂದುಹೋಗುತ್ತವೆ. ಪರದೆ ಎಲ್ಲೆಲ್ಲಿ ಸುಳ್ಳಾಡುತ್ತದೆಂದು ಯಂತ್ರ ಗುರುತು ಹಾಕಿಕೊಳ್ಳುತ್ತದೆ. ಆ ಲೆಕ್ಕವೇ ಪ್ರೊಫೈಲ್. ಇದಕ್ಕೆ ಎಲ್ಲ ಕಂಪನಿಗಳೂ ಒಪ್ಪುವ ರೂಪ ಕೊಡಲು 1993ರಲ್ಲಿ ಹುಟ್ಟಿದ್ದು ಐಸಿಸಿ. ಕ್ರಿಕೆಟ್ಟಿನದಲ್ಲ, ಇಂಟರ್‌ನ್ಯಾಷನಲ್ ಕಲರ್ ಕನ್ಸಾರ್ಷಿಯಂ.

ಹೊಳಪನ್ನು ಚದರ ಮೀಟರಿಗೆ 100 ಕ್ಯಾಂಡೆಲಾ ಆಸುಪಾಸಿಗೆ ಇಳಿಸಿ, ಅಚ್ಚಾದ ಹಾಳೆಯನ್ನು 5000 ಕೆಲ್ವಿನ್ ದೀಪದಡಿ ಹಿಡಿದು ಪಕ್ಕದಲ್ಲೇ ಹೋಲಿಸುತ್ತಾನೆ. ಗಿಳಿಹಸಿರು ಮಾತ್ರ ಪೂರ್ತಿ ಒಲಿಯದು. ಪರದೆಯ ಕೆಲವು ಹಸಿರು ನಾಲ್ಕು ಶಾಯಿಗೆ ದಕ್ಕುವುದೇ ಇಲ್ಲ. ಅದನ್ನು ಅಚ್ಚಿಗೆ ಮೊದಲೇ ಗಿರಾಕಿಗೆ ತೋರಿಸಿಬಿಡುತ್ತಾನೆ.

“ಯಜಮಾನ್ರೇ, ಹಸಿರು ಇಷ್ಟೇ ಬರೋದು. ಕುಂಕುಮ ನೋಡ್ರಿ.”