ಮುಪ್ಪಿನ ಮಾತು ಮತ್ತು ಮನೋಚಿಕಿತ್ಸೆ

ವಯಸ್ಸಾದವರು ಹೇಳಿದ್ದನ್ನೇ ಹೇಳುತ್ತಾರೆಂಬ ದೂರು ನಮ್ಮ ಮನೆಗಳಲ್ಲಿ ಹೊಸದಲ್ಲ. ಧುಪದಾಳದ ಯಾವುದೇ ಕಟ್ಟೆಯ ಮೇಲೆ ಮುತ್ಯಾ ಒಬ್ಬರು ಗೋಕಾಕ ಮಿಲ್ಲಿನ ಪಾಳಿಯ ದಿನಗಳ ಮಾತು ತೆಗೆದರೆ, ಹತ್ತು ಸಲ ಕೇಳಿದ ಮೊಮ್ಮಕ್ಕಳು ಮೆಲ್ಲನೆ ಎದ್ದು ಹೋಗುತ್ತಾರೆ. ವೈದ್ಯಲೋಕವೂ ಬಹುಕಾಲ ಈ ಮೊಮ್ಮಕ್ಕಳಂತೆಯೇ ನಡೆದುಕೊಂಡಿತು. ಹಳೆಯದರಲ್ಲೇ ಸುಳಿಯುವ ಮನಸ್ಸನ್ನು ಅದು ಬುದ್ಧಿ ಮಂಕಾಗುವುದರ ಕುರುಹೆಂದು ಎಣಿಸಿತ್ತು.

1963ರಲ್ಲಿ ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ ಈ ಎಣಿಕೆಯನ್ನು ಪ್ರಶ್ನಿಸಿ ಒಂದು ಲೇಖನ ಬರೆದರು. ಮರಣ ಸಮೀಪಿಸಿದೆ ಎಂಬ ಅರಿವು ಮೂಡಿದಾಗ ಮನಸ್ಸು ತಾನಾಗಿಯೇ ಹಿಂದಿರುಗಿ ನೋಡುತ್ತದೆ. ಬಗೆಹರಿಯದೆ ಉಳಿದ ಜಗಳ, ತೀರದ ಋಣ, ಆಡದೆ ಬಿಟ್ಟ ಮಾತು ಮೇಲೆದ್ದು ಬರುತ್ತವೆ. ಇದು ರೋಗವಲ್ಲ, ಮುಪ್ಪು ಮಾಡಬೇಕಾದ ಕೆಲಸ ಎಂಬುದು ಅವರ ವಾದದ ಸಾರ. ಇದನ್ನು ಅವರು ‘ಜೀವನ ಪರಾಮರ್ಶೆ’ ಎಂಬ ಅರ್ಥದ ಹೆಸರಿನಿಂದ ಕರೆದರು. ಇಂದು ವೃದ್ಧರ ಬದುಕಿನ ಕಥೆಯನ್ನೇ ಆಧಾರವಾಗಿಟ್ಟುಕೊಂಡು ನಡೆಯುವ ಮಾತಿನ ಚಿಕಿತ್ಸೆಗಳಲ್ಲಿ ಬಹಳಷ್ಟು ಈ ಲೇಖನಕ್ಕೆ ಋಣಿಯಾಗಿವೆ.

ನಮ್ಮ ಸೀಮೆಯವರಿಗೆ ಬಟ್ಲರರ ಮಾತು ಬೇಗ ಮನಸ್ಸಿಗೆ ಹತ್ತುತ್ತದೆ. ಹಿಡಕಲ್ ಜಲಾಶಯದಲ್ಲಿ ಮುಳುಗಿರುವ ಹುನ್ನೂರಿನ ವಿಠ್ಠಲ ದೇಗುಲ ಮಳೆಗಾಲದಲ್ಲಿ ಕಾಣಿಸದು. ನೀರು ಇಳಿದ ಬೇಸಿಗೆಯಲ್ಲಿ ಕಲ್ಲುಕಂಬಗಳ ಸಮೇತ ಎದ್ದು ನಿಲ್ಲುತ್ತದೆ. ದುಡಿಮೆ, ಸಂಸಾರ, ಮಕ್ಕಳ ಮದುವೆಗಳ ನೆರೆ ಇಳಿದ ಮೇಲೆ ಮನುಷ್ಯನಲ್ಲಿಯೂ ಇಂಥದೇನೋ ನಡೆಯುತ್ತದೆ.

ಆದರೆ ಮುಪ್ಪಿನ ಕುರಿತು ಬರೆದವರ ವಯಸ್ಸನ್ನು ಒಮ್ಮೆ ಲೆಕ್ಕ ಹಾಕಿ ನೋಡಬೇಕು. ಐವತ್ತರ ಆಸುಪಾಸಿನವರ ಮನಸ್ಸು ಬಾಗುವುದಿಲ್ಲ, ಅವರಿಗೆ ಮನೋವಿಶ್ಲೇಷಣೆ ಒಗ್ಗದು ಎಂದು 1904ರಲ್ಲಿ ಹೇಳಿದ ಫ್ರಾಯ್ಡ್‌ಗೆ ಆಗ 48 ವರ್ಷ. (ತಾನು ಮಾತ್ರ 83ರಲ್ಲಿ ತೀರಿಕೊಳ್ಳುವವರೆಗೂ ಆ ಕೆಲಸ ಬಿಡಲಿಲ್ಲ!) 1919ರಲ್ಲಿ ಅವರ ಶಿಷ್ಯ ಕಾರ್ಲ್ ಅಬ್ರಹಾಂ, ಮುಖ್ಯವಾದುದು ರೋಗಿಯ ವಯಸ್ಸಲ್ಲ, ರೋಗ ಹುಟ್ಟಿದ ವಯಸ್ಸು ಎಂದು ಗುರುವಿನ ಮಾತನ್ನು ವಿನಯದಿಂದಲೇ ತಿದ್ದಿದರು. ಬದುಕನ್ನು ಎಂಟು ಹಂತಗಳಾಗಿ ವಿಂಗಡಿಸಿ, ಕೊನೆಯದನ್ನು ಸಮಗ್ರತೆಗೂ ಹತಾಶೆಗೂ ನಡುವಿನ ಹೋರಾಟವೆಂದು ಬಣ್ಣಿಸಿದ ಎರಿಕ್ ಎರಿಕ್ಸನ್‌ರಿಗೆ, 1950ರಲ್ಲಿ ಆ ಗ್ರಂಥ ಹೊರಬಂದಾಗ, ಇನ್ನೂ ಐವತ್ತು ತುಂಬಿರಲಿಲ್ಲ. ಬಟ್ಲರರಂತೂ 36ರ ತರುಣರು. ಮುಪ್ಪನ್ನು ಕಾಣದವರು ಮುಪ್ಪಿಗೆ ನಕ್ಷೆ ಬರೆದರು. ಆ ನಕ್ಷೆಯನ್ನು ತಿದ್ದಿದವರು ಎರಿಕ್ಸನ್ನರ ಪತ್ನಿ ಜೋನ್. ಪತಿ ತೀರಿಕೊಂಡ ಮೇಲೆ, ತೊಂಬತ್ತು ದಾಟಿದ್ದ ಅವರು ಪತಿಯ ಇನ್ನೊಂದು ಗ್ರಂಥದ 1997ರ ವಿಸ್ತೃತ ಆವೃತ್ತಿಗೆ ಒಂಬತ್ತನೆಯ ಹಂತವೊಂದನ್ನು ಸೇರಿಸಿದರು. ಕಾಲು ಎತ್ತಿಟ್ಟಲ್ಲಿ ನಿಲ್ಲದ, ಕೈ ಹಿಡಿದದ್ದು ಜಾರುವ ವಯಸ್ಸಿನಲ್ಲಿ, ಹಿಂದೆ ಗೆದ್ದಿದ್ದೇವೆಂದುಕೊಂಡ ಹೋರಾಟಗಳೆಲ್ಲ ಮತ್ತೆ ಎದುರಾಗುತ್ತವೆ ಎಂಬುದು ಅವರ ತಿದ್ದುಪಡಿ. ಇಡೀ ಗ್ರಂಥದಲ್ಲಿ ನನಗೆ ಅತ್ಯಂತ ನಂಬಿಕೆ ಹುಟ್ಟಿಸುವ ಪುಟಗಳು ಅವೇ.

ಇನ್ನು ಕಥೆಯ ಮಾತು. ಬದುಕನ್ನು ಕಥೆಯಾಗಿ ಹೇಳಿಸುವ ಚಿಕಿತ್ಸಕರು ಆ ಕಥೆಗೆ ಒಂದು ಒಪ್ಪವಾದ ಆಕಾರವನ್ನು ನಿರೀಕ್ಷಿಸುತ್ತಾರೆ: ಕಷ್ಟ ಬಂತು, ಸಹಿಸಿದೆ, ಅರ್ಥ ತಿಳಿಯಿತು. ಈ ನಿರೀಕ್ಷೆಯ ಬಗ್ಗೆ ನಮಗೆ ಅನುಮಾನವಿರಬೇಕು. ಆಳದ ಮನಶ್ಶಾಸ್ತ್ರದ ಹಿರಿಯ ಕಾರ್ಲ್ ಯುಂಗ್ 1957ರಲ್ಲಿ, ಎಂಬತ್ತು ದಾಟಿದ ಮೇಲೆ, ಅನಿಯೇಲಾ ಯಾಫೆ ಎಂಬ ಸಹೋದ್ಯೋಗಿಯ ನೆರವಿನಿಂದ ತಮ್ಮ ಆತ್ಮಕಥೆ ಹೇಳತೊಡಗಿದರು; ಅವರು ತೀರಿಕೊಂಡ ಮರುವರ್ಷ, 1962ರಲ್ಲಿ, ಅದು ಪ್ರಕಟವಾಯಿತು. ಬಾಲ್ಯದ ಕನಸುಗಳು ಅಲ್ಲಿ ಪುಟಗಟ್ಟಲೆ ಬರುತ್ತವೆ; ಅರ್ಧ ಶತಮಾನಕ್ಕೂ ಮಿಕ್ಕಿ ಜೊತೆಗೆ ಬಾಳಿದ ಹೆಂಡತಿ ಎಲ್ಲೋ ಅಪರೂಪಕ್ಕೆ ಸುಳಿಯುತ್ತಾರೆ. ಮನಸ್ಸಿನ ಆಳವನ್ನೇ ಜೀವಮಾನವಿಡೀ ಅಳೆದವರ ಕಥೆಯೂ ಹೀಗೆ ಆಯ್ದು ಹೆಣೆದದ್ದು. ಒಳ್ಳೆಯ ಚಿಕಿತ್ಸಕ ಹೇಳಿದ ಕಥೆಗೆ ಮರುಳಾಗದೆ, ಅದು ಎಲ್ಲಿ ಥಟ್ಟನೆ ದಾರಿ ಬದಲಿಸುತ್ತದೆ, ಯಾರ ಹೆಸರು ಬರುವುದೇ ಇಲ್ಲ ಎಂಬುದನ್ನು ಗಮನಿಸುತ್ತಾನೆ. ‘ಆಳದ’ ಎಂಬ ವಿಶೇಷಣಕ್ಕೆ ಅರ್ಥ ಬರುವುದು ಅಲ್ಲಿ.

ಎರಿಕ್ಸನ್ ತಮ್ಮ ಸಿದ್ಧಾಂತವನ್ನು ವಿವರಿಸಲು ಸ್ವೀಡನ್ನಿನ ಬರ್ಗ್‌ಮನ್ ನಿರ್ದೇಶಿಸಿದ 1957ರ ಚಲನಚಿತ್ರವೊಂದನ್ನು ಬಳಸಿಕೊಳ್ಳುತ್ತಿದ್ದರು. ಗೌರವ ಸ್ವೀಕರಿಸಲು ಕಾರಿನಲ್ಲಿ ಹೊರಟ ವೃದ್ಧ ವೈದ್ಯನೊಬ್ಬ ದಾರಿಯುದ್ದಕ್ಕೂ ತನ್ನ ಗತವನ್ನು ಎದುರಿಸುವ ಕಥೆ ಅದು. ಕನ್ನಡದ ಓದುಗರಿಗೆ ಇದರ ಪಕ್ಕದಲ್ಲಿ ಶಿವರಾಮ ಕಾರಂತರ 1968ರ ‘ಮೂಕಜ್ಜಿಯ ಕನಸುಗಳು’ ನೆನಪಾಗುವುದು ಸಹಜ. ಬಾಲವಿಧವೆಯಾಗಿ ಒಂದೇ ಹಳ್ಳಿಯಲ್ಲಿ ಮುದುಕಿಯಾದ ಆ ಅಜ್ಜಿ ತನ್ನ ಕಥೆಯನ್ನು ಹೇಳುವುದಕ್ಕಿಂತ ಊರಿನ, ದೇವರುಗಳ, ಪರರ ಬಾಳಿನ ಕಥೆಯನ್ನೇ ಹೆಚ್ಚು ಹೇಳುತ್ತಾಳೆ. ಕೇಳುವ ಮೊಮ್ಮಗ ಸುಬ್ಬರಾಯನಿಗೆ ಅವಳನ್ನು ಗುಣಪಡಿಸುವ ಉದ್ದೇಶವಿಲ್ಲ. ಅವನಿಗೆ ಕುತೂಹಲವಿದೆ, ಅಷ್ಟೆ. ‘ನಾನು’ ಎಂದು ಆರಂಭವಾಗುವ ಕಥೆಯನ್ನೇ ಬೇಡುವ ವಿಧಾನ ಮೂಕಜ್ಜಿಯ ಮುಂದೆ ಬಾಯಿ ಕಟ್ಟಿ ನಿಲ್ಲುತ್ತದೆ. ನಮ್ಮ ಹೆಂಗಸರು ತಮ್ಮ ನೋವನ್ನು ಬೀಸುಕಲ್ಲಿನ ಹಾಡಿನಲ್ಲಿ ಹಾಡಿಕೊಂಡದ್ದೂ ಹೀಗೆಯೇ. ತವರು, ಅತ್ತೆ, ಅಣ್ಣ ಎಲ್ಲರೂ ಅಲ್ಲಿದ್ದರು. ನೋವು ಹಾಡಿದವಳದೋ ಹಾಡಿನದೋ ಎಂದು ಯಾರೂ ಕೇಳುತ್ತಿರಲಿಲ್ಲ. ಹಿಟ್ಟಿನ ಗಿರಣಿ ಬಂದ ಮೇಲೆ ಆ ಹಾಡಿನ ಹೊತ್ತೂ ಹೋಯಿತು.

ಹಾಗೆಂದು ಮುಚ್ಚಿದ ಕೋಣೆಯ ಆ ಒಂದು ಗಂಟೆ ನಮಗೆ ಬೇಡವೆಂದು ಹೇಳಲಾರೆ. ಎರಡು ಖೋಲಿಯ ಮನೆಯಲ್ಲಿ ಸೊಸೆಯ ಕಿವಿಗೆ ಬೀಳದಂತೆ ಆಯಿ ಒಂದು ಮಾತು ಆಡುವುದು ಸಾಧ್ಯವೇ? ಗುರುಗಳ ಮುಂದೆ ಪಾಪನಿವೇದನೆಗೆ ಅವಕಾಶವಿದೆಯಲ್ಲ ಎಂದು ಕೆಲವರು ಹೇಳಬಹುದು. ಅಲ್ಲಿ ಹೇಳುವುದು ನಾನು ಮಾಡಿದ ತಪ್ಪನ್ನು. ನನಗೆ ಇತರರು ಮಾಡಿದ್ದನ್ನು, ನಾನು ಕಳೆದುಕೊಂಡದ್ದನ್ನು ಬಿಚ್ಚಿಡಲು ಬೇರೊಂದು ಜಾಗ ಬೇಕಾಗುತ್ತದೆ. ಇವೆರಡನ್ನೂ ಒಂದೇ ಎಂದುಕೊಂಡರೆ ಎರಡಕ್ಕೂ ಅನ್ಯಾಯ.

ನುಡಿಯ ತೊಡಕೂ ಸಣ್ಣದಲ್ಲ. ‘ಖಿನ್ನತೆ’ ಪುಸ್ತಕದ ಮಾತು. ಇಲ್ಲಿನ ಹಿರಿಯರು ‘ಜೀವಾ ಬ್ಯಾಸರಾಗೇತಿ’, ‘ಎದಿ ಭಾರಾಗೇತಿ’ ಎನ್ನುತ್ತಾರೆ. ಎದೆಭಾರವೆಂದು ಕೇಳಿದ ವೈದ್ಯರು ಹೃದಯದ ಪರೀಕ್ಷೆಗೆ ಬರೆದುಕೊಡುತ್ತಾರೆ. ಪರೀಕ್ಷೆ ತಪ್ಪಲ್ಲ, ಆದರೆ ಅಲ್ಲಿಗೇ ಮಾತು ಮುಗಿಯುತ್ತದೆ. ರಾಶಿ ಎಂದೇ ಹೆಸರಾದ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ. ಆರ್. ಚಂದ್ರಶೇಖರ್ ದಶಕಗಳ ಕಾಲ ಜನರ ಕನ್ನಡದಲ್ಲಿ ಮನೋರೋಗಗಳ ಕುರಿತು ಬರೆದರು. ಆದರೆ ಇವರ ಬರಹಗಳು ಹಳೆಯ ಮೈಸೂರಿನ ನುಡಿಯವು. ಬೆಳಗಾವಿ ಸೀಮೆಯ ಆಡುಮಾತಿನಲ್ಲಿ ಸಂಕಟಕ್ಕಿರುವ ಹೆಸರುಗಳನ್ನು ಕೂಡಿಸುವ ಕೆಲಸ ಇನ್ನೂ ಬೇಕಾದಷ್ಟಿದೆ. ತರುಣ ಸಲಹೆಗಾರನನ್ನು ಅಜ್ಜಿ ‘ಯಪ್ಪಾ’, ‘ಮಗಾ’ ಎಂದು ಕರೆದರೆ, ಮನೋವಿಶ್ಲೇಷಣೆಯ ಗ್ರಂಥಗಳು ಅದನ್ನು ಭಾವದ ವರ್ಗಾವಣೆ ಎನ್ನುತ್ತವೆ. ನಮ್ಮಲ್ಲಿ ಅದು ಕೇವಲ ಸಂಬೋಧನೆ. ಆದರೂ, ಮಗನೆಂದು ಕರೆದವನ ಮುಂದೆ ಗಂಡನ ಹೊಡೆತದ ಮಾತು ಹೊರಬರುವುದು ಕಷ್ಟ ಎಂಬುದನ್ನು ಆ ತರುಣ ತಿಳಿದಿರಬೇಕು.

ಬಟ್ಲರರ ಹಿಂಬಾಲಕರಲ್ಲಿ ನನಗೆ ಕಾಣುವ ದೊಡ್ಡ ದೋಷ ಪ್ರಶ್ನಾವಳಿಗಳದ್ದು. ‘ನಿಮ್ಮ ಬಾಲ್ಯದ ಸಂತೋಷದ ದಿನ ಯಾವುದು? ಹಳೆಯ ಭಾವಚಿತ್ರ ತೋರಿಸಿ’ ಎಂದು ಅವು ಕೇಳುತ್ತವೆ. ಹನ್ನೊಂದಕ್ಕೆ ಮದುವೆಯಾದವಳಿಗೆ ಆ ಪ್ರಶ್ನೆ ಚುಚ್ಚುಮಾತಾಗಿ ಕೇಳಿಸಬಹುದು. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕಿನ ಮನೆಗಳಿಗೆ ನುಗ್ಗಿದಾಗ ಟ್ರಂಕುಗಳ ಜೊತೆ ಮದುವೆಯ ಫೋಟೋಗಳೂ ಹೋದವು. ಜೀವನ ಪರಾಮರ್ಶೆ ಕೆಲವರನ್ನು ಸಮಾಧಾನಕ್ಕಲ್ಲ, ತೀವ್ರ ಪಶ್ಚಾತ್ತಾಪ ಮತ್ತು ಹತಾಶೆಗೆ, ಆತ್ಮಹತ್ಯೆಯವರೆಗೂ ಒಯ್ಯಬಹುದೆಂದು ಬಟ್ಲರ್ ತಾವೇ 1963ರಲ್ಲಿ ಎಚ್ಚರಿಸಿದ್ದರು. ಹಿಂಬಾಲಕರು ಆ ಪುಟವನ್ನು ಬೇಗ ಮಗುಚಿದ್ದಾರೆ. ಕಥೆ ಹೇಳಿಸುವ ಚಿಕಿತ್ಸೆಯಿಂದ ವೃದ್ಧರ ಖಿನ್ನತೆ ತಗ್ಗುತ್ತದೆಂದು 2003ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಡಚ್ ಸಂಶೋಧಕರು ಕಂಡುಕೊಂಡದ್ದು ನಿಜ. ಆದರೆ ಅದು ತರಬೇತಿ ಪಡೆದವರು ಮಾಡುವ ಕೆಲಸ. ಮನೆಯವರೋ ಧರ್ಮಕೇಂದ್ರದ ಯುವಕರೋ ಹಿರಿಯರ ಬಳಿ ಕುಳಿತು ಕೇಳುವುದು ಬೇರೆ, ಗಾಯವನ್ನು ಕೆದಕುವುದು ಬೇರೆ.

2011ರ ಜನಗಣತಿಯಂತೆ ಅರವತ್ತು ದಾಟಿದವರು ನಮ್ಮ ದೇಶದಲ್ಲಿ 10 ಕೋಟಿಗೂ ಮಿಕ್ಕಿ ಇದ್ದರು. ಅಷ್ಟು ಜನರಿಗೆ ಚಿಕಿತ್ಸಕರೆಲ್ಲಿ? 2022ರಿಂದ 14416 ಎಂಬ ಸಂಖ್ಯೆಯಲ್ಲಿ ‘ಟೆಲಿ ಮಾನಸ್’ ಸಹಾಯವಾಣಿ ಕನ್ನಡದಲ್ಲಿಯೂ ದೊರೆಯುತ್ತಿದೆ. ಊಟ ಬಿಟ್ಟ, ನಿದ್ದೆ ಕಳೆದುಕೊಂಡ, ಸಾವಿನ ಮಾತನ್ನೇ ಆಡುವ ಹಿರಿಯರಿರುವ ಮನೆ ಈ ಸಂಖ್ಯೆಯನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬೇಕು. ಕಿವಿ ಮಂದವಾದವರು ಫೋನಿನಲ್ಲಿ ಮಾತನಾಡಲಾರರು. ಅಂಥವರ ಪಕ್ಕದಲ್ಲಿ ಯಾರಾದರೂ ಕುಳಿತು, ಆಚೆಯವರು ಕೇಳಿದ್ದನ್ನು ಆಯಿಯ ಕಿವಿಗೆ ಗಟ್ಟಿಯಾಗಿ ಹೇಳಬೇಕು; ಅವಳ ಉತ್ತರವನ್ನು ಅವಳ ಮಾತಿನಲ್ಲಿಯೇ, ಏನನ್ನೂ ಕೂಡಿಸದೆ, ಆಚೆಯವರಿಗೆ ಮುಟ್ಟಿಸಬೇಕು.