ಒಂಬತ್ತು ದಿನ, ನಾಲ್ಕು ಪಂದ್ಯ

ದೊಡ್ಡ ಟೂರ್ನಿ ಶುರುವಾದ ಮೇಲೆ ಟಿವಿ ಹಾಕುವವರೇ ನಮ್ಮಲ್ಲಿ ಹೆಚ್ಚು. ತಂಡಗಳು ಅಲ್ಲಿಯವರೆಗೆ ಹೇಗೆ ಬಂದವು ಎಂದು ವಿಚಾರಿಸುವವರು ಕಡಿಮೆ. ಕಿರಿಯರ ಫುಟ್‌ಬಾಲ್ ಮಟ್ಟಿಗೆ ಹೇಳುವುದಾದರೆ, ನಿಜವಾದ ಸತ್ವ ಗೊತ್ತಾಗುವುದು ಅರ್ಹತಾ ಸುತ್ತಿನಲ್ಲೇ.

2025ರ ನವೆಂಬರಿನಲ್ಲಿ ಅಹಮದಾಬಾದಿನ ಏಕಾ ಅರೇನಾದಲ್ಲಿ ನಡೆದ 17 ವರ್ಷದೊಳಗಿನವರ ಏಷ್ಯನ್ ಕಪ್ ಅರ್ಹತಾ ಪಂದ್ಯಗಳನ್ನೇ ನೋಡಿ. ಭಾರತದ ಗುಂಪಿನಲ್ಲಿದ್ದವರು ಇರಾನ್, ಲೆಬನಾನ್, ಪ್ಯಾಲೆಸ್ಟೀನ್ ಮತ್ತು ಚೈನೀಸ್ ತೈಪೆ. 22ರಂದು ಪ್ಯಾಲೆಸ್ಟೀನ್ ಎದುರು 1–1 ಡ್ರಾ, 26ರಂದು ತೈಪೆ ವಿರುದ್ಧ 3–1 ಗೆಲುವು, 28ರಂದು ಲೆಬನಾನ್ ಎದುರು 0–2 ಸೋಲು. ಉಳಿದದ್ದು 30ರ ಇರಾನ್ ಪಂದ್ಯ ಒಂದೇ. ಸೋತ ಬೇಸರ ಆರುವ ಮೊದಲೇ ಹುಡುಗರು ಮತ್ತೆ ಬೂಟು ಕಟ್ಟಬೇಕಾಯಿತು.

ಈ ಬಾರಿ ಎರಡನೇ ಸ್ಥಾನಕ್ಕೆ ಬೆಲೆಯೇ ಇರಲಿಲ್ಲ. 7 ಗುಂಪುಗಳಿಂದ ಮೊದಲ ಸ್ಥಾನದವರಿಗೆ ಮಾತ್ರ ಸೌದಿ ಅರೇಬಿಯಾದ ಮುಖ್ಯ ಟೂರ್ನಿಗೆ ಪ್ರವೇಶ. 2022ರಲ್ಲಿ ದಮ್ಮಾಮ್‌ನ ಅರ್ಹತಾ ಸುತ್ತಿನಲ್ಲಿ ಹೀಗಿರಲಿಲ್ಲ. ಆಗ ಭಾರತ ಕೊನೆಯ ಪಂದ್ಯದಲ್ಲಿ ಸೌದಿ ಎದುರು 1–2ರಿಂದ ಸೋತರೂ ಉತ್ತಮ ರನ್ನರ್ ಅಪ್ ತಂಡಗಳಲ್ಲಿ ಒಂದಾಗಿ ಮುಂದೆ ಹೋಗಿತ್ತು. ಅಹಮದಾಬಾದಿನಲ್ಲಿ ಇರಾನ್‌ಗೆ ಡ್ರಾ ಸಾಕಿತ್ತು, ಭಾರತ ಗೆಲ್ಲಲೇಬೇಕಿತ್ತು.

19ನೇ ನಿಮಿಷದಲ್ಲಿ ಇರಾನ್ ಗೋಲು ಹೊಡೆಯಿತು. ಈ ವಯಸ್ಸಿನ ತಂಡಗಳು ಹೆಚ್ಚಾಗಿ ಕುಸಿಯುವುದು ಇಂಥ ಹೊತ್ತಿನಲ್ಲೇ: ಎಲ್ಲರೂ ಚೆಂಡಿನ ಹಿಂದೆ ಓಡುತ್ತಾರೆ, ಲೈನ್ ಚದುರುತ್ತದೆ, ಪಾಸ್‌ಗಳು ಅವಸರವಾಗುತ್ತವೆ. ತರಬೇತುದಾರ ಬಿಬಿಯಾನೊ ಫರ್ನಾಂಡಿಸ್ ಅವರ ಹುಡುಗರು ಚದುರಲಿಲ್ಲ. ವಿರಾಮಕ್ಕೆ ಮುನ್ನ ದಲ್ಲಾಲ್ಮುವನ್ ಗಾಂಗ್ಟೆ ಪೆನಾಲ್ಟಿಯಲ್ಲಿ ಸಮ ಮಾಡಿದ. 52ನೇ ನಿಮಿಷದಲ್ಲಿ ಗುನ್ಲೀಬಾ ವಾಂಗ್‌ಖೈರಕ್ಪಂ ಎರಡನೆಯದನ್ನು ಹೊಡೆದ. ಆಮೇಲಿನ ಸುಮಾರು ನಲವತ್ತು ನಿಮಿಷ ಆ ಒಂದು ಗೋಲಿನ ಮುನ್ನಡೆಯನ್ನು ಕಾಯ್ದುಕೊಂಡದ್ದು ನನ್ನ ಕಣ್ಣಿಗೆ ಗೋಲುಗಳಿಗಿಂತ ದೊಡ್ಡ ಸಾಧನೆ.

ಸುಲಭದ ದೊಡ್ಡ ಗೆಲುವುಗಳಿಂದ ಈ ಗಟ್ಟಿತನ ಬರುವುದಿಲ್ಲ. 2024ರ ಅರ್ಹತಾ ಸುತ್ತಿನಲ್ಲಿ ನಮ್ಮವರು ಬ್ರೂನೈ ವಿರುದ್ಧ 13–0ರಿಂದ ಗೆದ್ದಿದ್ದರು. ಕೊನೆಗೆ ಥಾಯ್ಲೆಂಡ್‌ಗೆ 2–3ರಿಂದ ಸೋತು ಹೊರಬಿದ್ದರು. ಏಷ್ಯನ್ ಫುಟ್‌ಬಾಲ್ ಒಕ್ಕೂಟದ ನಿಯಮವೂ ಇದಕ್ಕೆ ತಕ್ಕಂತಿದೆ: ಅಂಕ ಸಮವಾದರೆ ಮೊದಲು ನೋಡುವುದು ಆ ತಂಡಗಳ ನಡುವಿನ ಪಂದ್ಯದ ಫಲಿತಾಂಶವನ್ನು. ಗುಂಪಿನ ಒಟ್ಟು ಗೋಲು ವ್ಯತ್ಯಾಸ ಆಮೇಲೆ. ಸರಿಸಮಾನ ಎದುರಾಳಿಯನ್ನು ಗೆಲ್ಲಲಾಗದವರಿಗೆ ದುರ್ಬಲರ ಮೇಲೆ ಹೊಡೆದ ಗೋಲುಗಳು ಹೆಚ್ಚು ಕಾಪಾಡವು.

ಇನ್ನೊಂದು ಮಾತಿದೆ. ಹಿರಿಯರ ತಂಡದಲ್ಲಿ ಒಬ್ಬ ಸುನಿಲ್ ಛೆಟ್ರಿ ಇಪ್ಪತ್ತು ವರ್ಷ ಭಾರ ಹೊರಬಲ್ಲ. ಇಲ್ಲಿ ಅದು ಸಾಧ್ಯವಿಲ್ಲ. ಫಿಫಾ 2009ರಿಂದ ಈ ವಯೋಮಿತಿಯ ವಿಶ್ವಕಪ್‌ನಲ್ಲಿ ವಯಸ್ಸು ಪರೀಕ್ಷಿಸಲು ಮಣಿಕಟ್ಟಿನ ಎಂಆರ್‌ಐ ತೆಗೆಸುತ್ತದೆ. ಮುಂಗೈ ಮೂಳೆಯ ತುದಿಯಲ್ಲಿರುವ ಬೆಳವಣಿಗೆಯ ಪದರ ಪೂರ್ತಿ ಕೂಡಿಕೊಂಡಿದ್ದರೆ ಆಟಗಾರನ ವಯಸ್ಸು ದಾಟಿದೆ ಎಂದೇ ಲೆಕ್ಕ. ಹುಡುಗರು ಬೆಳೆದು ಹೋಗುತ್ತಾರೆ, ತರಬೇತುದಾರ ಮತ್ತೆ ಮೊದಲಿನಿಂದ ತಂಡ ಕಟ್ಟಬೇಕು. ಹೀಗಾಗಿ ಅರ್ಹತಾ ಸುತ್ತಿನಲ್ಲಿ ಪರೀಕ್ಷೆಗೆ ಕೂರುವುದು ದೇಶ ತನ್ನ ಮಕ್ಕಳನ್ನು ಬೆಳೆಸುವ ಕ್ರಮ.

ಅರ್ಹತಾ ಸುತ್ತಿನ ಹಿಂದಿನ ಪಣವೂ ದೊಡ್ಡದಾಗಿದೆ. 2018ರಲ್ಲಿ ಮಲೇಷ್ಯಾದ ಏಷ್ಯನ್ ಟೂರ್ನಿಯಲ್ಲಿ ನಮ್ಮ 16 ವರ್ಷದೊಳಗಿನವರು ನಾಲ್ಕು ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು ಒಂದೇ ಗೋಲು. ಅದು ಕ್ವಾರ್ಟರ್ ಫೈನಲ್‌ನಲ್ಲಿ ದಕ್ಷಿಣ ಕೊರಿಯಾ ಹೊಡೆದದ್ದು, ಅದರಿಂದ ವಿಶ್ವಕಪ್ ಕೈತಪ್ಪಿತು. ಆಗ ಸೆಮಿಫೈನಲ್ ತಲುಪಿದವರಿಗಷ್ಟೇ ವಿಶ್ವಕಪ್. ಈಗ 48 ತಂಡಗಳ ವಿಶ್ವಕಪ್ ಪ್ರತಿವರ್ಷ ನಡೆಯುತ್ತಿದ್ದು, ಏಷ್ಯನ್ ಕಪ್‌ನ ಕ್ವಾರ್ಟರ್ ಫೈನಲ್ ತಲುಪಿದರೆ ಸಾಕು.

17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಭಾರತದ ಹುಡುಗರು ಆಡಿದ್ದು ಒಮ್ಮೆ, 2017ರಲ್ಲಿ, ಆತಿಥೇಯರೆಂಬ ಕಾರಣಕ್ಕೆ. ದೆಹಲಿಯಲ್ಲಿ ಕೊಲಂಬಿಯಾ ವಿರುದ್ಧ ಜೀಕ್ಸನ್ ಸಿಂಗ್ ಹೆಡರ್‌ನಿಂದ ಗೋಲು ಹೊಡೆದಾಗ ಆ ಕಾರ್ನರ್ ಒದ್ದದ್ದು ಬೆಂಗಳೂರಿನ ಸಂಜೀವ್ ಸ್ಟಾಲಿನ್. ಆಡಿ ಗಳಿಸಿದ ಅರ್ಹತೆಯ ಗೌರವವೇ ಬೇರೆ. ಅದನ್ನು ನಮ್ಮ ಹುಡುಗಿಯರೂ 2025ರ ಅಕ್ಟೋಬರಿನಲ್ಲಿ ತೋರಿಸಿದರು: ಬಿಷ್ಕೆಕ್‌ನಲ್ಲಿ ಕಿರ್ಗಿಸ್ತಾನ ಮತ್ತು ಉಜ್ಬೇಕಿಸ್ತಾನ ಎರಡನ್ನೂ 2–1ರಿಂದ ಸೋಲಿಸಿ ತಮ್ಮ ಏಷ್ಯನ್ ಕಪ್‌ಗೆ ಅರ್ಹತೆ ಪಡೆದರು.

ಹಿಂದೆ ಬಿದ್ದರೂ ಚದುರದ ಗುಣ ಶಿಬಿರದಲ್ಲಿ ಹೇಳಿಕೊಟ್ಟು ಬರುವಂಥದ್ದಲ್ಲ, ಆಡಿ ಆಡಿ ಬರಬೇಕು. ಹದಿನಾಲ್ಕು, ಹದಿನೈದರ ಮಕ್ಕಳಿಗೆ ವರ್ಷಪೂರ್ತಿ ಬಿಗುವಿನ ಲೀಗ್ ಪಂದ್ಯ ಸಿಗಬೇಕು, ಜಿಲ್ಲಾ ಕೇಂದ್ರಗಳಲ್ಲೂ ಸಿಗಬೇಕು. ಫುಟ್‌ಬಾಲ್ ಸಂಸ್ಥೆಗಳು ಇದಕ್ಕೆ ಹಣ ಎತ್ತಿಡಲಿ. ನಾವು ನೋಡುಗರು ಮಾಡಬಹುದಾದದ್ದೂ ಇದೆ. ನಿಮ್ಮೂರಿನ ಮೈದಾನದಲ್ಲಿ ಶಾಲಾ ಮಕ್ಕಳ ಪಂದ್ಯ ನಡೆಯುವ ದಿನ ಹೋಗಿ ಕುಳಿತು ಕೊನೆಯವರೆಗೂ ನೋಡಿ.