ಚಪಡನ ಲಿಪಿ, ಬೈಟ್‌ಗಳ ಸಾಲು

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1892ರಲ್ಲಿ ಬಿ. ಎಲ್. ರೈಸ್ ಬೆಳಕಿಗೆ ತಂದ ಅಶೋಕನ ಶಾಸನವು ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ, ಅಂದರೆ ಅಲ್ಲಿನ ಹಿರಿಯ ಅಧಿಕಾರಿಗಳಿಗೆ, ಕಳುಹಿಸಿದ ಸಂದೇಶವಾಗಿದ್ದು, ಎಡದಿಂದ ಬಲಕ್ಕೆ ಸಾಗುವ ಬ್ರಾಹ್ಮಿಯಲ್ಲಿದೆ. ಅದನ್ನು ಬರೆದ ಚಪಡನು ತಾನು ಲಿಪಿಕಾರನೆಂದು ಹೇಳುವ ಕೊನೆಯ ಪದವನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ, ಬರೆದಿದ್ದಾನೆ. ಅಕ್ಷರಗಳ ರೂಪವೇ ಬೇರೆಯಾದ್ದರಿಂದ ದಿಕ್ಕು ಬದಲಾದುದು ಬಲ್ಲವರಿಗೆ ಕಂಡೊಡನೆ ತಿಳಿಯುತ್ತದೆ. ಕಂಪ್ಯೂಟರಿನ ಬೈಟ್‌ಗಳಿಗೆ ಅಂಥ ಗುರುತಿಲ್ಲದಿದ್ದುದೇ ಯುನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ‘ಟಾಕ್’ ತಂತ್ರಾಂಶದ ತೊಡಕಿಗೆ ಮೂಲವಾಯಿತು.

ಬರ್ಕ್ಲಿಯಲ್ಲಿ ಸಿದ್ಧವಾದ ಯುನಿಕ್ಸ್ ಆವೃತ್ತಿ 4.2 ಬಿಎಸ್‌ಡಿಯೊಂದಿಗೆ 1983ರಲ್ಲಿ ಬಂದ ಟಾಕ್, ಪರದೆಯನ್ನು ಎರಡು ಭಾಗ ಮಾಡಿ, ಇಬ್ಬರು ಟೈಪಿಸಿದ್ದನ್ನು ಅಕ್ಷರಕ್ಷರವಾಗಿ ಪರಸ್ಪರ ತೋರಿಸುತ್ತಿತ್ತು. ಮಾತು ಆರಂಭವಾಗುವ ಮೊದಲು ಹೋಗುವ ಆಹ್ವಾನವನ್ನು ಆಚೆಯ ಯಂತ್ರದ ಹಿನ್ನೆಲೆಯಲ್ಲಿ ಕಾದಿರುವ ‘ಟಾಕ್‌ಡಿ’ ಎಂಬ ಸೇವಾ ತಂತ್ರಾಂಶ ಓದಿಕೊಳ್ಳಬೇಕಿತ್ತು. ಆದರೆ ಆಹ್ವಾನದೊಳಗಿನ ಸಂಖ್ಯೆಗಳು ಕಳುಹಿಸುವ ಯಂತ್ರದ ಮೆಮೊರಿಯಲ್ಲಿದ್ದ ಕ್ರಮದಲ್ಲೇ ಹೊರಡುತ್ತಿದ್ದವು. ವ್ಯಾಕ್ಸ್ ಯಂತ್ರವು ಸಂಖ್ಯೆಯ ಕಿರಿಯ ಬೈಟನ್ನು ಮೊದಲಿಟ್ಟರೆ, ಸನ್ ಯಂತ್ರವು ಹಿರಿಯದನ್ನು ಮೊದಲಿಡುತ್ತಿತ್ತು. ಹೀಗಾಗಿ ವಿಳಾಸವು ಇಂಟರ್ನೆಟ್ ಬಗೆಯದೆಂದು ಸೂಚಿಸಲು ಒಂದು ಕಡೆ ಬರೆದ 2, ಇನ್ನೊಂದು ಕಡೆ 512 ಆಗಿ ಓದಲ್ಪಟ್ಟು, ಆಹ್ವಾನವೇ ಅರ್ಥಹೀನವಾಗುತ್ತಿತ್ತು.

ಈ ಎರಡು ಕ್ರಮಗಳ ಜಗಳಕ್ಕೆ, ಮೊಟ್ಟೆಯನ್ನು ಯಾವ ತುದಿಯಲ್ಲಿ ಒಡೆಯಬೇಕೆಂದು ಕಾದಾಡುವ ಗಲಿವರನ ಕಥೆಯ ಜನರ ಹೆಸರನ್ನಿಟ್ಟ ಕಂಪ್ಯೂಟರ್ ವಿಜ್ಞಾನಿ ಡ್ಯಾನಿ ಕೋಹೆನ್, ಯಾವ ಕ್ರಮ ಎಂಬುದಕ್ಕಿಂತ ಎಲ್ಲರೂ ಒಂದನ್ನೇ ಒಪ್ಪುವುದು ಮುಖ್ಯವೆಂದು 1980ರಲ್ಲೇ ವಾದಿಸಿದ್ದರು. 1986ರ 4.3 ಬಿಎಸ್‌ಡಿ ಅದನ್ನು ಪಾಲಿಸಿ, ಹಿರಿಯ ಬೈಟ್ ಮೊದಲು ಬರುವ ಜಾಲಕ್ರಮವನ್ನು ಟಾಕ್‌ಗೂ ತಂದು, ಸಂದೇಶದ ತಲೆಯಲ್ಲಿ ಆವೃತ್ತಿಸಂಖ್ಯೆಯನ್ನಿರಿಸಿತು. ಹೊಸ ಟಾಕ್ 518ನೆಯ ಪೋರ್ಟಿನಲ್ಲಿ, ಹಳೆಯದು 517ರಲ್ಲಿ ಕಾಯುತ್ತಿದ್ದುದರಿಂದ ಇವೆರಡಕ್ಕೂ ಪರಸ್ಪರ ಮಾತಿರಲಿಲ್ಲ. ಎರಡನ್ನೂ ಬಲ್ಲ ‘ವೈಟಾಕ್’ನಂಥ ತಂತ್ರಾಂಶವು ದುಭಾಷಿಯಂತೆ ಬೇಕಾಯಿತು.

ಜಾಲಕ್ರಮವು ಯಂತ್ರದ ಒಳಗಿನ ರೂಢಿಯನ್ನು ಬದಲಿಸುವುದಿಲ್ಲ, ಹೊರಗೆ ಹೋಗುವುದನ್ನಷ್ಟೇ ಒಪ್ಪಿತ ಸಾಲಿಗೆ ತರುತ್ತದೆ. ಚಪಡನೂ ಇಸಿಲದವರು ಓದಬೇಕಾದುದೆಲ್ಲವನ್ನೂ ಬ್ರಾಹ್ಮಿಯಲ್ಲಿ ಬರೆದು, ಖರೋಷ್ಠಿಯನ್ನು ತನ್ನ ವೃತ್ತಿಯ ಹೆಸರಿಗಷ್ಟೇ ಉಳಿಸಿಕೊಂಡಿದ್ದನು.